ಬೈಬಲಿನ ಬಾಬೆಲ್: ಶಪಿಸಿದ ಊರಲ್ಲೇ ರೂಪುಗೊಂಡ ಗ್ರಂಥ

ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದಲ್ಲಿ ಒಂದು ಪತ್ರ ಇದೆ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ತನ್ನ ಜನರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಎನ್ನುತ್ತಾನೆ. ಅಷ್ಟೇ ಅಲ್ಲ, ನಿಮ್ಮನ್ನು ಸೆರೆಹಿಡಿದು ಒಯ್ದ ಆ ಊರಿನ ಒಳಿತಿಗಾಗಿ ದೇವರನ್ನು ಬೇಡಿಕೊಳ್ಳಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಎನ್ನುತ್ತಾನೆ.

ಈಗ ಅದೇ ಪುಸ್ತಕದ 51ನೇ ಅಧ್ಯಾಯಕ್ಕೆ ಬನ್ನಿ. ಬಾಬೆಲಿಗೆ ಬರಲಿರುವ ಕೇಡನ್ನೆಲ್ಲ ಒಂದು ಸುರುಳಿಯಲ್ಲಿ ಬರೆದು ಸೆರಾಯ ಎಂಬವನ ಕೈಗೆ ಕೊಡುತ್ತಾನೆ. ಅದನ್ನು ಓದಿ, ಕಲ್ಲು ಕಟ್ಟಿ, ಯೂಫ್ರೆಟೀಸ್ ನದಿಗೆ ಎಸೆ, ಬಾಬೆಲ್ ಹೀಗೇ ಮುಳುಗಿಹೋಗುತ್ತದೆ ಎಂದು ಹೇಳು ಅಂತ ಕಳಿಸುತ್ತಾನೆ.

ಒಂದೇ ಊರು, ಒಂದೇ ಪ್ರವಾದಿ. ಒಂದು ಕಡೆ ಹರಕೆ, ಇನ್ನೊಂದು ಕಡೆ ಶಾಪ. ಬೈಬಲನ್ನು ಮೊದಲ ಸಲ ಓದುವವರು ಇಂಥಲ್ಲಿ ತಬ್ಬಿಬ್ಬಾಗುತ್ತಾರೆ. ಬಾಬೆಲ್ ಅಂದರೆ ಸುಮ್ನೆ ಕೆಟ್ಟವರ ಊರು ಅಂದುಕೊಂಡು ಓದಿದರೆ ಅರ್ಧ ಪುಟಗಳು ಅರ್ಥವೇ ಆಗುವುದಿಲ್ಲ. ಆ ಊರನ್ನು ಯಾರು, ಎಲ್ಲಿ ನಿಂತು, ಯಾವಾಗ ನೋಡುತ್ತಿದ್ದಾರೆ ಅನ್ನುವುದನ್ನು ಹಿಡಿದುಕೊಂಡರೆ ಮಾತ್ರ ದಾರಿ ಸಿಗುತ್ತದೆ. ಹಾಗೆ ಓದಿದಾಗ ಇನ್ನೊಂದು ದೊಡ್ಡ ಸಂಗತಿಯೂ ಕಾಣುತ್ತದೆ: ಬೈಬಲ್ ಯಾವ ಊರನ್ನು ಎಲ್ಲಕ್ಕಿಂತ ಜಾಸ್ತಿ ಬೈದಿದೆಯೋ, ಆ ಊರಿನ ನೆರಳಲ್ಲೇ ಬೈಬಲಿನ ದೊಡ್ಡ ಭಾಗ ಈಗಿರುವ ರೂಪಕ್ಕೆ ಬಂತು.

(ಹೆಸರುಗಳನ್ನು ಆದಷ್ಟು ಕನ್ನಡ ಬೈಬಲಿನಲ್ಲಿ ಇರುವಂತೆಯೇ ಬರೆದಿದ್ದೇನೆ.)

ಇಟ್ಟಿಗೆ ಗೋಪುರ

ಬಾಬೆಲ್ ಇದ್ದದ್ದು ಈಗಿನ ಇರಾಕಿನಲ್ಲಿ. ಬಾಗ್ದಾದಿನಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್ ದೂರದಲ್ಲಿ, ಹಿಲ್ಲಾ ಪಟ್ಟಣದ ಪಕ್ಕದಲ್ಲಿ ಅದರ ಅವಶೇಷಗಳಿವೆ. 2019ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬೈಬಲಿನಲ್ಲಿ ಈ ಊರು ಕಥೆಯಾಗಿ ಬರುವುದು ಆದಿಕಾಂಡದ 11ನೇ ಅಧ್ಯಾಯದಲ್ಲಿ. ಜನರೆಲ್ಲ ಸೇರಿ ಆಕಾಶ ಮುಟ್ಟುವ ಗೋಪುರ ಕಟ್ಟಲು ಹೊರಡುತ್ತಾರೆ, ದೇವರು ಅವರ ಭಾಷೆಯನ್ನು ಕಲಸಿ ಚೆದುರಿಸುತ್ತಾನೆ. ಈ ಕಥೆಯಲ್ಲಿ ಒಂದು ಸಣ್ಣ ವಿವರ ಇದೆ. ಅವರಿಗೆ ಕಲ್ಲಿನ ಬದಲು ಇಟ್ಟಿಗೆ ಇತ್ತು, ಗಾರೆಯ ಬದಲು ಕಲ್ಲರಗು ಇತ್ತು ಎಂದು ಕಥೆಗಾರ ಬಿಡಿಸಿ ಹೇಳುತ್ತಾನೆ. ಕಲ್ಲರಗು ಅಂದರೆ ನೆಲದಿಂದ ಉಕ್ಕಿಬರುವ, ಡಾಂಬರಿನಂಥ ಅಂಟು. ಯೆಹೂದದ, ಅಂದರೆ ಯೆರೂಸಲೇಮ್ ರಾಜಧಾನಿಯಾಗಿದ್ದ ನಾಡಿನ, ಬೆಟ್ಟಗಳಲ್ಲಿ ಎಲ್ಲಿ ನೋಡಿದರೂ ಕಲ್ಲು, ಅಲ್ಲಿಯವರು ಮನೆ ಕಟ್ಟುವುದೂ ಕಲ್ಲಿನಲ್ಲೇ. ಬಾಬೆಲಿನ ಬಯಲಲ್ಲಿ ಬರೀ ಮಣ್ಣು. ಹಾಗಾಗಿ ಇದು ಹೊರಗಿನವನೊಬ್ಬ ಆ ಊರನ್ನು ಬೆರಗಿನಿಂದ ನೋಡಿ, ತನ್ನವರಿಗೆ ವಿವರಿಸಿದ ಮಾತು.

ಗೋಪುರವೂ ಬರೀ ಕಲ್ಪನೆಯಲ್ಲ. ಬಾಬೆಲಿನ ನಡುವೆ ಎತೆಮೆನಾಂಕಿ ಎಂಬ ಮೆಟ್ಟಿಲುಮೆಟ್ಟಿಲಾದ ದೊಡ್ಡ ದೇವಗೋಪುರ ಇತ್ತು. ಅದರ ತಳವೇ ಒಂದೊಂದು ಬದಿಗೆ ಸುಮಾರು 91 ಮೀಟರ್. ಪಕ್ಕದಲ್ಲೇ ಆ ಊರಿನ ಒಡೆಯ ದೇವರು ಮರ್ದೂಕನ ಗುಡಿ ಎಸಾಗಿಲ. ಗೋಪುರವನ್ನು ಮತ್ತೆ ಕಟ್ಟಿಸಿದ ಅರಸ ನಬೋಪೊಲಸ್ಸರನ ಶಾಸನದಲ್ಲೇ, ಬುಡ ಪಾತಾಳದ ಎದೆಯ ಮೇಲಿರಲಿ, ತುದಿ ಆಕಾಶಕ್ಕೆ ಸರಿಸಾಟಿಯಾಗಲಿ ಅನ್ನುವ ಅರ್ಥದ ಮಾತಿದೆ. ಬಾಬೆಲಿನವರಿಗೆ ಅದು ಭಕ್ತಿ. ಆದಿಕಾಂಡದ ಕಥೆಗಾರನಿಗೆ ಅದೇ ಸೊಕ್ಕು.

ಅಡಕತ್ತರಿಯಲ್ಲಿ ಸಿಕ್ಕ ಯೆಹೂದ

ಬಾಬೆಲ್ ಯೆಹೂದ್ಯರ ಬದುಕಿಗೆ ನಿಜವಾಗಿ ನುಗ್ಗಿದ್ದು ಕ್ರಿ.ಪೂ. 7ನೇ ಶತಮಾನದ ಕೊನೆಗೆ. ಅಲ್ಲಿಯವರೆಗೆ ಆ ಭಾಗದ ಯಜಮಾನರು ಅಶ್ಶೂರರು, ಅಂದರೆ ಅಸ್ಸೀರಿಯಾದವರು. ಕ್ರಿ.ಪೂ. 722ರ ಹೊತ್ತಿಗೆ ಉತ್ತರದ ಇಸ್ರೇಲ್ ರಾಜ್ಯವನ್ನು ಮುಗಿಸಿದವರು ಅವರೇ. ಆದರೆ ಕ್ರಿ.ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ಅಶ್ಶೂರರ ರಾಜಧಾನಿ ನಿನೆವೆಯನ್ನು ಕೆಡವಿದರು. ಖಾಲಿಯಾದ ಜಾಗಕ್ಕೆ ಎರಡು ಶಕ್ತಿಗಳು ಮುಗಿಬಿದ್ದವು: ದಕ್ಷಿಣದಿಂದ ಐಗುಪ್ತ, ಅಂದರೆ ಈಜಿಪ್ಟ್, ಪೂರ್ವದಿಂದ ಬಾಬೆಲ್. ನಡುವೆ ಪುಟ್ಟ ಯೆಹೂದ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಪಾಡು.

ಕ್ರಿ.ಪೂ. 609ರಲ್ಲಿ ಐಗುಪ್ತದ ಅರಸ ನೆಕೋ ಮೆಗಿದ್ದೋದಲ್ಲಿ ಯೆಹೂದದ ಅರಸ ಯೋಷೀಯನನ್ನು ಕೊಂದ. ನಾಲ್ಕೇ ವರ್ಷಕ್ಕೆ, ಕ್ರಿ.ಪೂ. 605ರಲ್ಲಿ, ಬಾಬೆಲಿನ ಯುವರಾಜ ನೆಬೂಕದ್ನೆಚ್ಚರ ಕರ್ಕೆಮೀಷಿನಲ್ಲಿ ಅದೇ ನೆಕೋವಿನ ಸೇನೆಯನ್ನು ಪುಡಿಮಾಡಿದ. ಯೆಹೂದ ಬಾಬೆಲಿಗೆ ಕಪ್ಪ ಕೊಡತೊಡಗಿತು. ಐಗುಪ್ತ ನಮ್ಮ ಬೆನ್ನಿಗಿದೆ ಅನ್ನುವ ಧೈರ್ಯದಲ್ಲಿ ಆಮೇಲೆ ನಿಲ್ಲಿಸಿತು. ಅಲ್ಲಿಂದ ಎಲ್ಲ ಕೆಟ್ಟಿತು.

ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿದ. ಅರಸ ಯೆಹೋಯಾಖೀನ ಆಗ 18ರ ಹುಡುಗ, ಪಟ್ಟಕ್ಕೆ ಬಂದು ಮೂರು ತಿಂಗಳಾಗಿತ್ತು ಅಷ್ಟೇ. ಶರಣಾದ. ಈ ಘಟನೆ ಬೈಬಲಿನಲ್ಲಿ ಮಾತ್ರ ಇಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಮಣ್ಣಿನ ಹಲಗೆಯಲ್ಲಿ, ಬಾಬೆಲಿನವರದೇ ವರ್ಷಾವಾರಿ ದಾಖಲೆಯಲ್ಲಿ, ಇದೇ ಮಾತು ಇದೆ. ಅರಸ ಯೆಹೂದದ ಪಟ್ಟಣದ ಎದುರು ಬೀಡುಬಿಟ್ಟ, ಅದಾರ್ ತಿಂಗಳ ಎರಡನೇ ದಿನ ಅದನ್ನು ಹಿಡಿದ, ಅಲ್ಲಿನ ಅರಸನನ್ನು ಬಂಧಿಸಿದ, ತನಗೆ ಬೇಕಾದವನನ್ನು ಕೂರಿಸಿದ, ಭಾರಿ ಕಪ್ಪ ತಂದ. ಡೊನಾಲ್ಡ್ ವೈಸ್‌ಮನ್ ಇದನ್ನು 1956ರಲ್ಲಿ ಪ್ರಕಟಿಸಿದರು. ಲೆಕ್ಕ ಹಾಕಿದರೆ ಅದು ಮಾರ್ಚ್ 16ಕ್ಕೆ ಬರುತ್ತದೆ. ಅಷ್ಟು ಹಳೆಯ ಘಟನೆಗೆ ದಿನದ ಮಟ್ಟಿಗೆ ಲೆಕ್ಕ ಸಿಗುವುದು ಬಹಳ ಅಪರೂಪ.

ಹಾಗೆ ಕೂರಿಸಿದವನು ಚಿದ್ಕೀಯ, ಯೆಹೋಯಾಖೀನನ ಚಿಕ್ಕಪ್ಪ. ಇವನ ಕಾಲದಲ್ಲೇ ಯೆರೆಮೀಯ ಹೆಗಲ ಮೇಲೆ ಮರದ ನೊಗ ಹೊತ್ತುಕೊಂಡು ಊರಲ್ಲಿ ತಿರುಗಿದ್ದು. ಬಾಬೆಲಿನ ನೊಗಕ್ಕೆ ಕತ್ತು ಕೊಡಿ, ಬದುಕಿಕೊಳ್ಳುತ್ತೀರಿ ಅನ್ನುವುದು ಅವನ ಮಾತು. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎಲ್ಲರ ಎದುರೇ ಆ ನೊಗವನ್ನು ಕಿತ್ತು ಮುರಿದ. ಎರಡೇ ವರ್ಷದಲ್ಲಿ ದೇವರು ಬಾಬೆಲನ್ನು ಹೀಗೆ ಮುರಿಯುತ್ತಾನೆ ಅಂದ. ಜನರಿಗೆ ಯಾವ ಮಾತು ಇಷ್ಟವಾಗಿರಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಯೆರೆಮೀಯ ದೇಶದ್ರೋಹಿ ಅನ್ನಿಸಿಕೊಂಡ, ಏಟು ತಿಂದ, ಕೆಸರು ತುಂಬಿದ ಬಾವಿಗೆ ಬಿದ್ದ.

ಯೆರೆಮೀಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದೇವರ ಬಾಯಲ್ಲೇ ನೆಬೂಕದ್ನೆಚ್ಚರನನ್ನು 'ನನ್ನ ಸೇವಕ' ಎಂದು ಕರೆಸುತ್ತಾನೆ. ನನ್ನ ಮಟ್ಟಿಗೆ ಇಡೀ ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಮೊದಲ ಭಾಗದಲ್ಲಿ, ಇದಕ್ಕಿಂತ ದಿಟ್ಟ ಮಾತು ಕಡಿಮೆ. ಆ ಕಾಲದ ಲೆಕ್ಕದಲ್ಲಿ ಒಂದು ದೇಶ ಸೋತರೆ ಅದರ ದೇವರು ಸೋತ ಹಾಗೆ. ಮರ್ದೂಕ ಗೆದ್ದ, ಯೆಹೋವ ಸೋತ. ಯೆರೆಮೀಯ ಈ ಲೆಕ್ಕವನ್ನೇ ತಿರುಗಿಸಿಬಿಟ್ಟ. ಬಾಬೆಲ್ ಗೆಲ್ಲುತ್ತಿರುವುದು ನಮ್ಮ ದೇವರು ಗೆಲ್ಲಿಸುತ್ತಿರುವುದರಿಂದ, ನಮ್ಮ ತಪ್ಪಿಗೆ ನಮ್ಮನ್ನು ದಂಡಿಸಲು ಅಂದ. ಹಬಕ್ಕೂಕ ಎಂಬ ಪ್ರವಾದಿಯೂ ಇದನ್ನೇ ಹೇಳುತ್ತಾನೆ. ಆದರೆ ಅವನಿಗೆ ತಡೆಯಲಾಗುವುದಿಲ್ಲ. ನಮಗಿಂತ ಕೆಟ್ಟವರ ಕೈಯಲ್ಲಿ ನಮ್ಮನ್ನು ಹೊಡೆಸುವುದು ಯಾವ ನ್ಯಾಯ ಅಂತ ದೇವರನ್ನೇ ಕೇಳುತ್ತಾನೆ.

ಚಿದ್ಕೀಯ ದಂಗೆ ಎದ್ದ. ನೆಬೂಕದ್ನೆಚ್ಚರನ ಸೇನೆ ಮತ್ತೆ ಬಂತು. ಆ ದಿನಗಳದ್ದೇ ಒಂದು ಮಡಕೆಚೂರು ಲಾಕೀಷ್ ಕೋಟೆಯ ಬಾಗಿಲ ಬಳಿ 1935ರಲ್ಲಿ ಸಿಕ್ಕಿತು. ಗಡಿಯ ಅಧಿಕಾರಿಯೊಬ್ಬ ಮಸಿಯಲ್ಲಿ ಬರೆದ ಕಾಗದ ಅದು. ಲಾಕೀಷಿನ ಬೆಂಕಿಯ ಸನ್ನೆಗಾಗಿ ಕಾಯುತ್ತಿದ್ದೇವೆ, ಅಜೇಕ ನಮಗೆ ಕಾಣಿಸುತ್ತಿಲ್ಲ ಎಂದಿದೆ. ಯೆರೆಮೀಯ 34:7 ತೆಗೆದು ನೋಡಿ: ಯೆಹೂದದ ಕೋಟೆಗಳ ಪೈಕಿ ಲಾಕೀಷ್ ಮತ್ತು ಅಜೇಕ ಮಾತ್ರ ಉಳಿದಿದ್ದವು.

ಸುಮಾರು ಒಂದೂವರೆ ವರ್ಷದ ಮುತ್ತಿಗೆ, ಬರ, ಕೊನೆಗೆ ಗೋಡೆ ಒಡೆಯಿತು. ಓಡಿಹೋಗುತ್ತಿದ್ದ ಚಿದ್ಕೀಯನನ್ನು ಯೆರಿಕೋ ಹತ್ತಿರ ಹಿಡಿದರು. ಅವನ ಕಣ್ಣೆದುರೇ ಅವನ ಗಂಡುಮಕ್ಕಳನ್ನು ಕೊಂದರು. ಆಮೇಲೆ ಆ ಕಣ್ಣುಗಳನ್ನು ಕಿತ್ತರು. ನೆಬೂಜರದಾನ ಎಂಬ ಅಧಿಕಾರಿ ಬಂದು ಸೊಲೊಮೋನ ಕಟ್ಟಿಸಿದ ದೇವಾಲಯಕ್ಕೆ ಬೆಂಕಿ ಇಟ್ಟ. ಇದು ನಡೆದದ್ದು ಕ್ರಿ.ಪೂ. 587 ಅಥವಾ 586ರಲ್ಲಿ. ಬಾಬೆಲಿನ ವರ್ಷಾವಾರಿ ದಾಖಲೆಯಲ್ಲಿ ಈ ವರ್ಷಗಳ ಭಾಗ ಉಳಿದಿಲ್ಲ. ಅದಕ್ಕೇ ಒಂದು ವರ್ಷದ ವ್ಯತ್ಯಾಸ ಹಾಗೇ ಉಳಿದುಕೊಂಡಿದೆ.

ಸೆರೆಯಲ್ಲಿ ಏನು ನಡೆಯಿತು

ಸೆರೆ ಅಂದಕೂಡಲೆ ಜೈಲು, ಸರಪಳಿ ಕಣ್ಣಿಗೆ ಬರುತ್ತದೆ. ನಿಜ ಸ್ವಲ್ಪ ಬೇರೆ. ಊರಿಗೆ ಊರೇ ಹೋಗಲಿಲ್ಲ. ಯೆರೆಮೀಯನ ಕೊನೆಯ ಅಧ್ಯಾಯ ಮೂರು ಸಲಕ್ಕೆ ಸೇರಿ 4,600 ಜನ ಎನ್ನುತ್ತದೆ. ಎರಡನೆಯ ಅರಸುಗಳ ಪುಸ್ತಕ ಮೊದಲ ಸಲವೇ 10,000 ಎನ್ನುತ್ತದೆ. ಏನೇ ಇರಲಿ, ಒಯ್ದದ್ದು ಅರಮನೆಯವರನ್ನು, ಯಾಜಕರನ್ನು, ಬರೆಯಬಲ್ಲವರನ್ನು, ಕಮ್ಮಾರರನ್ನು, ಬಡಗಿಗಳನ್ನು. ಬಡವರನ್ನು ದ್ರಾಕ್ಷಿತೋಟ, ಹೊಲ ನೋಡಿಕೊಳ್ಳಲು ಅಲ್ಲೇ ಬಿಟ್ಟರು.

ಇಲ್ಲಿ ಅಶ್ಶೂರರಿಗೂ ಬಾಬೆಲಿನವರಿಗೂ ಇದ್ದ ಒಂದು ವ್ಯತ್ಯಾಸ ಇಡೀ ಇತಿಹಾಸವನ್ನೇ ಬದಲಿಸಿತು. ಅಶ್ಶೂರರು ಗೆದ್ದ ಜನರನ್ನು ನಾಲ್ಕು ದಿಕ್ಕಿಗೆ ಚೆದುರಿಸಿ, ಅವರ ಜಾಗಕ್ಕೆ ಬೇರೆಯವರನ್ನು ತಂದು ಬೆರೆಸುತ್ತಿದ್ದರು. ಉತ್ತರದ ಇಸ್ರೇಲಿನವರು ಹಾಗೆ ಕರಗಿಹೋದರು. ಬಾಬೆಲಿನವರು ಒಂದೇ ಕಡೆಯಿಂದ ಬಂದವರನ್ನು ಒಟ್ಟಿಗೆ ನೆಲೆಗೊಳಿಸಿದರು. ಯುದ್ಧದಿಂದ ಹಾಳುಬಿದ್ದ ನೆಲವನ್ನು ಮತ್ತೆ ಸಾಗುವಳಿಗೆ ತರಲು ಅವರಿಗೆ ಕೈಗಳು ಬೇಕಿದ್ದವು, ಅಷ್ಟೇ. ಆದರೆ ಅದರಿಂದ ಯೆಹೂದ್ಯರು ಯೆಹೂದ್ಯರಾಗಿಯೇ ಉಳಿದರು.

ಯೆಹೂದ್ಯರು ನೆಲೆನಿಂತ ಒಂದು ಊರಿನ ಹೆಸರೇ ಆಲ್-ಯಾಹೂದು, ಅಂದರೆ ಯೆಹೂದದ ಊರು. ಆ ಊರಿಗೂ ಸುತ್ತಲಿನ ಹಳ್ಳಿಗಳಿಗೂ ಸೇರಿದ ಸುಮಾರು 200 ಮಣ್ಣಿನ ಹಲಗೆಗಳು ಸಿಕ್ಕಿವೆ. ಅಗೆತದಲ್ಲಿ ಅಲ್ಲ, ಹಳೆಯ ವಸ್ತುಗಳ ಮಾರುಕಟ್ಟೆಯ ಮೂಲಕ ಬಂದಂಥವು. ಲಾರಿ ಪಿಯರ್ಸ್ ಮತ್ತು ಕಾರ್ನೆಲಿಯಾ ವುನ್ಷ್ ಅವುಗಳಲ್ಲಿ ದೊಡ್ಡ ಭಾಗವನ್ನು 2014ರಲ್ಲಿ ಪ್ರಕಟಿಸಿದರು. ಹಳೆಯದು ಕ್ರಿ.ಪೂ. 572ರದ್ದು, ಅಂದರೆ ದೇವಾಲಯ ಸುಟ್ಟು 15 ವರ್ಷ ಆಗುವುದರೊಳಗೆ. ಅವುಗಳಲ್ಲಿ ಇರುವುದು ಬರೀ ವ್ಯವಹಾರ: ಇಷ್ಟು ಜವೆಗೋಧಿ ಸಾಲ, ಇಷ್ಟು ಖರ್ಜೂರ ಗುತ್ತಿಗೆ, ಇಷ್ಟು ತೆರಿಗೆ. ಯೆಹೋವನ ಹೆಸರು ಸೇರಿಸಿಕೊಂಡ ಮನುಷ್ಯರ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಒಂದು ಹಲಗೆಯಲ್ಲಿ ಬಾಬೆಲಿನ ಮೊಳೆಯಾಕಾರದ ಲಿಪಿಯ ಪಕ್ಕದಲ್ಲಿ ಶೆಲೆಮ್ಯ ಎಂಬ ಹೆಸರನ್ನು ಹಳೆಯ ಹೀಬ್ರೂ ಅಕ್ಷರದಲ್ಲಿ ಗೀಚಿದೆ. ಯೆರೆಮೀಯನ ಪತ್ರ ಹೇಳಿದ ಬಾಳು ಇದೇ. ಮನೆ, ತೋಟ, ಮದುವೆ, ಸಾಲ, ತೆರಿಗೆ.

ಮೊದಲು ಸೆರೆಹೋದ ಯುವ ಅರಸ ಯೆಹೋಯಾಖೀನ ಏನಾದ? ಇದಕ್ಕೂ ಸಾಕ್ಷಿ ಇದೆ. ಜರ್ಮನಿಯ ರಾಬರ್ಟ್ ಕೋಲ್ಡೆವೈ 1899ರಿಂದ 1917ರವರೆಗೆ ಬಾಬೆಲನ್ನು ಅಗೆದರು. ಅಲ್ಲಿ ಅರಮನೆಯ ಉಗ್ರಾಣದ ಲೆಕ್ಕದ ಹಲಗೆಗಳು ಸಿಕ್ಕಿದವು. ಅರ್ನ್ಸ್ಟ್ ವೈಡ್ನರ್ ಅವನ್ನು ಓದಿ 1939ರಲ್ಲಿ ಪ್ರಕಟಿಸಿದರು. ಯಾರಿಗೆ ಎಷ್ಟು ಎಣ್ಣೆ ಕೊಟ್ಟೆವು ಅನ್ನುವ ಲೆಕ್ಕ. ತೂರಿನವರು, ಅಷ್ಕೆಲೋನಿನವರು, ಐಗುಪ್ತದವರು, ಗ್ರೀಕ್ ಬಡಗಿಗಳು, ಇವರ ನಡುವೆ ಒಂದು ಸಾಲು: ಯಾಹೂದು ದೇಶದ ಅರಸ ಯಾವುಕೀನು. ಅವನ ಐದು ಗಂಡುಮಕ್ಕಳಿಗೆ ಒಟ್ಟು ಎರಡೂವರೆ ಸಿಲಾ ಎಣ್ಣೆ. ತಲೆಗೆ ಅರ್ಧ ಸಿಲಾ, ಹೆಚ್ಚುಕಡಿಮೆ ಅರ್ಧ ಲೀಟರ್. ಒಂದು ಹಲಗೆಯ ಮೇಲೆ ಕ್ರಿ.ಪೂ. 592ರ ತಾರೀಖಿದೆ. ಸೋತ ಅರಸ ಇನ್ನೂ 'ಅರಸ' ಎಂದೇ ಕರೆಸಿಕೊಳ್ಳುತ್ತಿದ್ದ. ಮಕ್ಕಳನ್ನು ಪಡೆದಿದ್ದ. ಗೆದ್ದವನ ಉಗ್ರಾಣದಿಂದ ಎಣ್ಣೆ ತರಿಸಿಕೊಳ್ಳುತ್ತಿದ್ದ.

ಅರಸುಗಳ ಪುಸ್ತಕದ ಕೊನೆಯ ನಾಲ್ಕು ವಚನಗಳು ಇವನದೇ ಕಥೆ. ಸೆರೆಯ 37ನೇ ವರ್ಷದಲ್ಲಿ ಬಾಬೆಲಿನ ಹೊಸ ಅರಸ ಎವೀಲ್ಮೆರೋದಕ ಅವನನ್ನು ಬಿಡಿಸಿ, ಸೆರೆಯ ಬಟ್ಟೆ ತೆಗೆಸಿ, ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಇದು ಕ್ರಿ.ಪೂ. 561ರ ಆಸುಪಾಸು. ಸೆರೆ ಮುಗಿದ ಸಂಗತಿ ಗೊತ್ತಿದ್ದರೆ ಬರೆದವರು ಅದನ್ನು ಬಿಡುತ್ತಿರಲಿಲ್ಲ. ಅಂದರೆ ದಾವೀದನಿಂದ ದೇವಾಲಯದ ನಾಶದವರೆಗಿನ ಆ ದೊಡ್ಡ ಇತಿಹಾಸಕ್ಕೆ ಕೊನೆಯ ಕೈ ಹಾಕಿದ್ದು ಸೆರೆಯ ಕಾಲದಲ್ಲೇ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ನಾವು ಯಾಕೆ ಸೋತೆವು ಅನ್ನುವ ಪ್ರಶ್ನೆಗೆ ಸೋತವರೇ ಕೂತು ಬರೆದ ಉತ್ತರ ಅದು.

ಆದಿಕಾಂಡದ ಮೊದಲ ಅಧ್ಯಾಯದ ಬಗ್ಗೆಯೂ ಇಂಥದೇ ಅಭಿಪ್ರಾಯ ಇದೆ. ಬಾಬೆಲಿನಲ್ಲಿ ಪ್ರತಿ ವರ್ಷ ಹೊಸವರ್ಷದ ಹಬ್ಬಕ್ಕೆ ಸೃಷ್ಟಿಯ ಕಾವ್ಯವನ್ನು ಮರ್ದೂಕನ ಎದುರು ಓದುತ್ತಿದ್ದರು. ಅದರಲ್ಲಿ ಮರ್ದೂಕ ಕಡಲದೇವತೆ ತಿಯಾಮತಳನ್ನು ಕೊಂದು, ಸೀಳಿ, ಆ ದೇಹದಿಂದ ಆಕಾಶ ಮತ್ತು ನೆಲ ಮಾಡುತ್ತಾನೆ. ದೇವತೆಗಳ ಚಾಕರಿ ಮಾಡಲು ಒಬ್ಬ ಸೋತ ದೇವರ ರಕ್ತದಿಂದ ಮನುಷ್ಯರನ್ನು ಮಾಡುತ್ತಾರೆ. ಆದಿಕಾಂಡದಲ್ಲಿ ಯುದ್ಧವೇ ಇಲ್ಲ. ದೇವರು ಮಾತಾಡುತ್ತಾನೆ, ಆಗುತ್ತದೆ. ಬಾಬೆಲಿನವರು ಪೂಜಿಸುತ್ತಿದ್ದ ಸೂರ್ಯ ಚಂದ್ರರಿಗೆ ಅಲ್ಲಿ ಹೆಸರು ಕೂಡ ಇಲ್ಲ. ದೊಡ್ಡ ಬೆಳಕು, ಚಿಕ್ಕ ಬೆಳಕು, ಅಷ್ಟೇ. ಮನುಷ್ಯನೂ ಚಾಕರಿಯವನಲ್ಲ, ದೇವರ ಹೋಲಿಕೆಯಲ್ಲಿ ಆದವನು. ಗೆದ್ದವರ ಕಾಲುವೆ ತೋಡುತ್ತಿದ್ದ ಜನ ತಮ್ಮ ಮಕ್ಕಳಿಗೆ ಇದನ್ನು ಹೇಳಿಕೊಟ್ಟರು ಅಂದುಕೊಂಡು ಓದಿ ನೋಡಿ. ನನಗಂತೂ ಆ ಅಧ್ಯಾಯದ ಬಲ ಇಮ್ಮಡಿಯಾಗುತ್ತದೆ.

ಎಲ್ಲವನ್ನೂ ಸೆರೆಯ ಕಾಲಕ್ಕೇ ಕಟ್ಟಬಾರದು ಅನ್ನುವುದೂ ನಿಜ. ಜಲಪ್ರಳಯದ ಕಥೆ ಬಾಬೆಲಿನ ಗಿಲ್ಗಮೆಶ್ ಕಾವ್ಯದಲ್ಲಿದೆ. ಹಡಗು, ಕಲ್ಲರಗು, ಹಾರಿಬಿಟ್ಟ ಪಾರಿವಾಳ ಮತ್ತು ಕಾಗೆ ಎಲ್ಲವೂ ಇವೆ. ಜಾರ್ಜ್ ಸ್ಮಿತ್ 1872ರಲ್ಲಿ ಅದನ್ನು ಓದಿ ಹೇಳಿದಾಗ ಇಂಗ್ಲೆಂಡೇ ಬೆಚ್ಚಿತ್ತು. ಆದರೆ ಗಿಲ್ಗಮೆಶ್ ಹಲಗೆಯ ತುಂಡೊಂದು ಮೆಗಿದ್ದೋದಲ್ಲೇ ಸಿಕ್ಕಿದೆ, ಸೆರೆಗಿಂತ ನೂರಾರು ವರ್ಷ ಹಳೆಯದು. ಕಥೆಗಳು ಮೊದಲಿನಿಂದಲೂ ಓಡಾಡುತ್ತಿದ್ದವು.

ಸೆರೆಯಲ್ಲಿ ಹುಟ್ಟಿದ ಇನ್ನೊಂದು ದೊಡ್ಡ ಯೋಚನೆ ಯೆಹೆಜ್ಕೇಲನದು. ಇವನು ಯಾಜಕರ ಮನೆತನದವನು, ಕ್ರಿ.ಪೂ. 597ರಲ್ಲಿ ಸೆರೆಹೋದವರಲ್ಲಿ ಒಬ್ಬ. ದೇವಾಲಯ ಇಲ್ಲದ ಊರಲ್ಲಿ ಯಾಜಕನಿಗೆ ಏನು ಕೆಲಸ? ಕೆಬಾರ್ ಕಾಲುವೆಯ ದಂಡೆಯಲ್ಲಿ ಅವನಿಗೆ ಒಂದು ದರ್ಶನ ಆಗುತ್ತದೆ: ದೇವರ ಸಿಂಹಾಸನ, ಅದಕ್ಕೆ ಚಕ್ರಗಳು, ಚಕ್ರದೊಳಗೆ ಚಕ್ರ, ಯಾವ ದಿಕ್ಕಿಗೆ ಬೇಕಾದರೂ ಹೋಗುವಂಥವು. ಈ ಚಕ್ರಗಳ ಬಗ್ಗೆ ಏನೇನೋ ವಿಚಿತ್ರ ವ್ಯಾಖ್ಯಾನಗಳಿವೆ. ಸನ್ನಿವೇಶ ನೋಡಿದರೆ ಅರ್ಥ ನೇರವಾಗಿದೆ. ನಮ್ಮ ದೇವರು ಯೆರೂಸಲೇಮಿನ ಗುಡಿಗೆ ಕಟ್ಟುಬಿದ್ದವನಲ್ಲ, ಇಲ್ಲಿಗೂ ಬರುತ್ತಾನೆ. ಗುಡಿಯಿಲ್ಲದೆ ಧರ್ಮ ಉಳಿಯಬಹುದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಅಡಿಪಾಯ ಬೇಕೇ?

ಇಷ್ಟೆಲ್ಲ ಆದರೂ ನೋವು ನೋವೇ. ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು, ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದೆವು ಎನ್ನುವ 137ನೇ ಕೀರ್ತನೆ ಎಲ್ಲರಿಗೂ ಗೊತ್ತು. ಅದರ ಕೊನೆಯ ವಚನವನ್ನು ಆರಾಧನೆಯಲ್ಲಿ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ನಿನ್ನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂದಿದೆ ಅಲ್ಲಿ. ಓದಲು ಕಷ್ಟ. ಆದರೆ ಬಿಡಬಾರದು ಅಂತ ನನ್ನ ಅನಿಸಿಕೆ. ತಮ್ಮ ಕೂಸುಗಳ ಸಾವನ್ನು ಕಣ್ಣಾರೆ ಕಂಡವರ ಬಾಯಿಂದ ಬಂದ ಮಾತು ಅದು. ಅದೇ ಗ್ರಂಥದಲ್ಲಿ ಯೆರೆಮೀಯನ ಪತ್ರವೂ ಇದೆ. ಗ್ರಂಥ ಎರಡನ್ನೂ ಇಟ್ಟುಕೊಂಡಿದೆ, ಒಂದನ್ನು ಇನ್ನೊಂದಕ್ಕಾಗಿ ಅಳಿಸಿಲ್ಲ.

ಬಾಬೆಲ್ ಬಿದ್ದ ರಾತ್ರಿ

ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಪರ್ಷಿಯಾದ ಕೋರೆಷ, ಅಂದರೆ ಸೈರಸ್, ಬಾಬೆಲನ್ನು ಹಿಡಿದ. ಬಾಬೆಲಿನ ದಾಖಲೆಯ ಪ್ರಕಾರ ಅವನ ಸೇನೆ ಯುದ್ಧವಿಲ್ಲದೆ ಊರೊಳಗೆ ಬಂತು. ಮರ್ದೂಕನೇ ಕೋರೆಷನನ್ನು ಹುಡುಕಿ, ಕೈಹಿಡಿದು ಕರೆತಂದ ಎಂದು ಬಾಬೆಲಿನಲ್ಲಿ ಬರೆಸಿದ ಮಣ್ಣಿನ ಉರುಳೆ ಹೇಳುತ್ತದೆ. 1879ರಲ್ಲಿ ಸಿಕ್ಕ ಈ ಉರುಳೆ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಪ್ರವಾದಿ ಯೆಶಾಯನ ಪುಸ್ತಕದ 45ನೇ ಅಧ್ಯಾಯ ಏನು ಹೇಳುತ್ತದೆ? ಕೋರೆಷನ ಬಲಗೈ ಹಿಡಿದವನು ಯೆಹೋವ, ಅವನು ಯೆಹೋವನ ಅಭಿಷಿಕ್ತ! ಒಂದೇ ಗೆಲುವು, ಒಂದೇ ರೀತಿಯ ಮಾತು, ಹಕ್ಕು ಸಾಧಿಸುವ ದೇವರು ಮಾತ್ರ ಬೇರೆ. ಉರುಳೆಯಲ್ಲಿ ಯೆಹೂದ್ಯರ ಹೆಸರಿಲ್ಲ. ಆದರೆ ಗಡೀಪಾರಾದ ಜನರನ್ನೂ ದೇವರುಗಳನ್ನೂ ಅವರವರ ಜಾಗಕ್ಕೆ ಕಳಿಸಿದ ಮಾತಿದೆ. ಎಜ್ರನ ಪುಸ್ತಕದಲ್ಲಿ ಬರುವ ಬಿಡುಗಡೆಯ ಆಜ್ಞೆ ಇದಕ್ಕೆ ಹೊಂದುತ್ತದೆ.

ದಾನಿಯೇಲನ ಪುಸ್ತಕದಲ್ಲಿ ಇದೇ ರಾತ್ರಿಗೆ ಬೇರೆ ಬಣ್ಣ. ಅರಸ ಬೇಲ್ಶಚ್ಚರ ಯೆರೂಸಲೇಮಿನ ದೇವಾಲಯದ ಪಾತ್ರೆಗಳಲ್ಲಿ ದ್ರಾಕ್ಷಾರಸ ಕುಡಿಯುತ್ತಾನೆ, ಗೋಡೆಯ ಮೇಲೆ ಬೆರಳುಗಳು ಮೂಡಿ ಬರೆಯುತ್ತವೆ, ಅದೇ ರಾತ್ರಿ ಅವನು ಸಾಯುತ್ತಾನೆ. ಇತಿಹಾಸದ ಪ್ರಕಾರ ಬೇಲ್ಶಚ್ಚರ ಆ ಪುಸ್ತಕ ಹೇಳುವಂತೆ ನೆಬೂಕದ್ನೆಚ್ಚರನ ಮಗನಲ್ಲ, ಪಟ್ಟದ ಅರಸನೂ ಅಲ್ಲ. ಕೊನೆಯ ಅರಸ ನಬೋನಿದನ ಮಗ. ಅಪ್ಪ ಸುಮಾರು ಹತ್ತು ವರ್ಷ ಅರೇಬಿಯಾದ ತೇಮಾದಲ್ಲಿ ಕೂತಿದ್ದಾಗ ಮಗ ಆಡಳಿತ ನೋಡಿಕೊಂಡ. ಗೋಡೆಬರಹ ಓದಿದವನಿಗೆ ರಾಜ್ಯದಲ್ಲಿ 'ಮೂರನೆಯ' ಸ್ಥಾನ ಕೊಡುತ್ತೇನೆ ಅನ್ನುವುದು ಬಹುಶಃ ಇದರ ನೆನಪು: ಮೊದಲನೆಯವನು ಅಪ್ಪ, ಎರಡನೆಯವನು ಮಗ. ಅದೇ ಪುಸ್ತಕದಲ್ಲಿ ಬರುವ, ನೆಬೂಕದ್ನೆಚ್ಚರ ಹುಚ್ಚು ಹಿಡಿದು ಏಳು ವರ್ಷ ದನದಂತೆ ಹುಲ್ಲು ತಿಂದ ಕಥೆಯೂ ಮೊದಲು ನಬೋನಿದನದೇ ಇರಬೇಕು. ಮೃತ ಸಮುದ್ರದ ಬಳಿ ಸಿಕ್ಕ ಸುರುಳಿಯೊಂದರಲ್ಲಿ ನಬೋನಿದ ತೇಮಾದಲ್ಲಿ ಏಳು ವರ್ಷ ರೋಗದಿಂದ ನರಳಿದ ಕಥೆ ಇದೆ. ದಾನಿಯೇಲನ ಪುಸ್ತಕ ಪೂರ್ತಿಯಾದದ್ದು ಕ್ರಿ.ಪೂ. 165ರ ಸುಮಾರಿಗೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆಗ ಯೆಹೂದ್ಯರನ್ನು ಹಿಂಸಿಸುತ್ತಿದ್ದವನು ಗ್ರೀಕ್ ಅರಸ ಅಂತಿಯೋಕ. ಬೆಂಕಿಕುಲುಮೆಗೆ ಬಿದ್ದರೂ ಬೊಂಬೆಗೆ ಅಡ್ಡಬೀಳದ ಶದ್ರಕ್, ಮೇಶಕ್, ಅಬೇದ್‌ನೆಗೋ ಕಥೆ ಆ ಓದುಗರಿಗೆ ಹಳೆಯ ಕಥೆಯಾಗಿರಲಿಲ್ಲ. ಬಾಬೆಲ್ ಇಲ್ಲಿಂದ ಊರಿನ ಹೆಸರಾಗಿ ಮಾತ್ರ ಉಳಿಯದೆ, ನಂಬಿಕೆಯನ್ನು ತುಳಿಯುವ ಯಾವ ಅಧಿಕಾರಕ್ಕೂ ಹೊಂದುವ ಹೆಸರಾಯಿತು.

ಪ್ರವಾದಿಗಳು ಹೇಳಿದ ಹಾಗೆ ಬಾಬೆಲ್ ಒಂದೇ ಏಟಿಗೆ ಹಾಳಾಯಿತೇ? ಇಲ್ಲ. ಕ್ರಿ.ಪೂ. 323ರಲ್ಲಿ ಅಲೆಗ್ಸಾಂಡರ್ ಸತ್ತದ್ದು ಅದೇ ಊರಲ್ಲಿ, ಆಗಲೂ ಅದು ದೊಡ್ಡ ಊರೇ. ಆಮೇಲೆ ಹೊಸ ರಾಜಧಾನಿಗಳು ಎದ್ದು, ಜನ ಅತ್ತ ಹೋಗಿ, ಇದು ನಿಧಾನಕ್ಕೆ ಖಾಲಿಯಾಯಿತು.

ಕೋರೆಷ ಬಾಗಿಲು ತೆರೆದ ಮೇಲೂ ಯೆಹೂದ್ಯರಲ್ಲಿ ಬಹಳ ಜನ ಹಿಂತಿರುಗಲಿಲ್ಲ. ಹೋದವರು ಕ್ರಿ.ಪೂ. 515ರ ಹೊತ್ತಿಗೆ ಎರಡನೇ ದೇವಾಲಯ ಕಟ್ಟಿದರು. ಉಳಿದವರು ಅಲ್ಲೇ ಬೆಳೆದರು. ಸಾವಿರ ವರ್ಷದ ಮೇಲೆ, ಕ್ರಿ.ಶ. 500ರ ಆಚೀಚೆ, ಯಹೂದಿ ಧರ್ಮಶಾಸ್ತ್ರದ ಮಹಾಗ್ರಂಥ ತಲ್ಮೂದ್ ಅದೇ ನೆಲದಲ್ಲಿ ಸಿದ್ಧವಾಯಿತು. ಪ್ಯಾಲೆಸ್ಟೀನಿನಲ್ಲೂ ಒಂದು ತಲ್ಮೂದ್ ಇದೆ. ಆದರೆ ಸುಮ್ನೆ ತಲ್ಮೂದ್ ಅಂದರೆ ಬಾಬೆಲಿನದೇ ಎಂದು ಅರ್ಥ. ಯಹೂದಿ ಪಂಚಾಂಗದ ತಿಂಗಳುಗಳು, ನಿಸಾನ್, ಅದಾರ್, ತಮ್ಮೂಜ್, ಎಲ್ಲ ಬಾಬೆಲಿನವು. ತಮ್ಮೂಜ್ ಅಂತೂ ಬಾಬೆಲಿನ ದೇವರ ಹೆಸರು. ಅವನಿಗಾಗಿ ಯೆರೂಸಲೇಮಿನ ಹೆಂಗಸರು ಅಳುತ್ತಿದ್ದುದನ್ನು ಯೆಹೆಜ್ಕೇಲ ಅಸಹ್ಯ ಎಂದು ಬೈದಿದ್ದ. ಆ ಜನರ ಮುಂದಿನವರೇ ಇರಾಕಿನ ಯಹೂದಿಗಳು. ಅವರಲ್ಲಿ ಕೆಲವರು 19ನೇ ಶತಮಾನದಲ್ಲಿ ಮುಂಬೈಗೂ ಕೋಲ್ಕತ್ತಾಕ್ಕೂ ಬಂದರು. ಮುಂಬೈಯ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಸಸೂನ್ ಬಾಗ್ದಾದಿನವರೇ. ಉಳಿದವರಲ್ಲಿ ಸುಮಾರು 1,20,000 ಜನ 1950-51ರಲ್ಲಿ ಇಸ್ರೇಲಿಗೆ ಹೋದ ಮೇಲೆ ಆ ನೆಲದಲ್ಲಿ 2,500 ವರ್ಷದ ಬಾಳು ಹೆಚ್ಚುಕಡಿಮೆ ಮುಗಿಯಿತು.

ರೋಮಿಗೆ ಇಟ್ಟ ಹೆಸರು

ಹೊಸ ಒಡಂಬಡಿಕೆಯ ಮೊದಲ ಪುಟದಲ್ಲೇ ಬಾಬೆಲ್ ಇದೆ. ಮತ್ತಾಯ ಯೇಸುವಿನ ವಂಶಾವಳಿಯನ್ನು ಮೂರು ಪಾಲು ಮಾಡುತ್ತಾನೆ. ಅಬ್ರಹಾಮನಿಂದ ದಾವೀದ, ದಾವೀದನಿಂದ ಬಾಬೆಲಿನ ಸೆರೆ, ಸೆರೆಯಿಂದ ಕ್ರಿಸ್ತ. ಪಾಲಿಗೆ 14 ತಲೆಮಾರು. ಉಗ್ರಾಣದ ಎಣ್ಣೆ ಪಡೆದ ಯೆಹೋಯಾಖೀನ ಆ ಪಟ್ಟಿಯಲ್ಲಿ ಯೆಕೊನ್ಯ ಎಂಬ ಹೆಸರಿನಲ್ಲಿದ್ದಾನೆ.

ಆಮೇಲೆ ಕ್ರಿ.ಶ. 70ರಲ್ಲಿ ರೋಮನರು ಎರಡನೇ ದೇವಾಲಯವನ್ನೂ ಸುಟ್ಟರು. ಯಹೂದಿ ಸಂಪ್ರದಾಯದಲ್ಲಿ ಎರಡೂ ದೇವಾಲಯ ಬಿದ್ದದ್ದು ಆವ್ ತಿಂಗಳ ಒಂಬತ್ತನೇ ದಿನವೇ. ಇವತ್ತಿಗೂ ಅವತ್ತು ಉಪವಾಸ ಇದ್ದು ಪ್ರಲಾಪಗಳ ಪುಸ್ತಕ ಓದುತ್ತಾರೆ. ಬಾಬೆಲ್ ಮಾಡಿದ್ದನ್ನೇ ರೋಮ್ ಮಾಡಿತು, ಹಾಗಾಗಿ ರೋಮೇ ಬಾಬೆಲ್. ಆ ಕಾಲದ ಯಹೂದಿ ಬರಹಗಳಲ್ಲೂ ಹೀಗಿದೆ, ಪೇತ್ರನ ಮೊದಲ ಪತ್ರದ ಕೊನೆಯಲ್ಲಿ ಬರುವ ಬಾಬೆಲನ್ನೂ ರೋಮ್ ಎಂದೇ ಹೆಚ್ಚಿನವರು ಓದುತ್ತಾರೆ.

ಬೈಬಲಿನ ಕೊನೆಯದಾದ ಪ್ರಕಟನೆಯ ಪುಸ್ತಕದಲ್ಲಿ ಇದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕೆಂಪುಬಟ್ಟೆ ತೊಟ್ಟ ಹೆಂಗಸೊಬ್ಬಳು ಏಳು ತಲೆಯ ಮೃಗದ ಮೇಲೆ ಕೂತಿದ್ದಾಳೆ. ಏಳು ತಲೆ ಅಂದರೆ ಏಳು ಬೆಟ್ಟ ಎಂದು ಪುಸ್ತಕವೇ ಹೇಳುತ್ತದೆ. ಏಳು ಬೆಟ್ಟದ ಊರು ಯಾವುದು ಅಂತ ಆಗಿನ ಮಕ್ಕಳಿಗೂ ಗೊತ್ತಿತ್ತು. ಬರೆದವನು ಹಳೆಯ ಪ್ರವಾದಿಗಳನ್ನು ಅರೆದು ಕುಡಿದವನು. ಬಾಬೆಲ್ ಬಿದ್ದಿತು, ಬಿದ್ದಿತು ಅನ್ನುವುದು ಯೆಶಾಯನ ಮಾತು. ದೇವದೂತ ಬೀಸುವ ಕಲ್ಲಿನಂಥ ಬಂಡೆಯನ್ನು ಸಮುದ್ರಕ್ಕೆ ಎಸೆಯುವುದು ಯೂಫ್ರೆಟೀಸಿಗೆ ಬಿದ್ದ ಸುರುಳಿಯ ನೆನಪು.

18ನೇ ಅಧ್ಯಾಯದಲ್ಲಿ ಆ ಊರು ಬಿದ್ದಾಗ ಅಳುವವರು ಯಾರು ನೋಡಿ: ಅರಸರು, ವರ್ತಕರು, ಹಡಗಿನವರು. ವರ್ತಕರು ಅಳುವುದು, ಇನ್ನು ನಮ್ಮ ಸರಕು ಕೊಳ್ಳುವವರಿಲ್ಲ ಅಂತ. ಸರಕಿನ ಪಟ್ಟಿ ಉದ್ದಕ್ಕೆ ಬರುತ್ತದೆ. ಚಿನ್ನ, ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ಧೂಪ. ಇವುಗಳಲ್ಲಿ ಮುತ್ತು ಸಾಕಷ್ಟು ಹೋಗುತ್ತಿದ್ದದ್ದು ನಮ್ಮ ದಕ್ಷಿಣದ ಕಡಲಿನಿಂದಲೇ. ಆಮೇಲೆ ಗೋಧಿ, ದನ, ಕುರಿ, ಕುದುರೆ, ರಥ. ಪಟ್ಟಿಯ ಕಟ್ಟಕಡೆಗೆ ಗುಲಾಮರು, ಮನುಷ್ಯರ ಪ್ರಾಣಗಳು. ರೋಮಿನ ಮೇಲೆ ಬರೆದವನ ಆಕ್ಷೇಪ ಬರೀ ವಿಗ್ರಹಪೂಜೆಯದಲ್ಲ ಅನ್ನುವುದು ಈ ಪಟ್ಟಿಯಿಂದ ಗೊತ್ತಾಗುತ್ತದೆ. ದಾಲ್ಚಿನ್ನಿಯ ಸಾಲಿನಲ್ಲೇ ಮನುಷ್ಯರನ್ನೂ ಮಾರುವ ಆ ವ್ಯಾಪಾರದ ಮೇಲೆ ಅವನ ಸಿಟ್ಟು.

ಮುಂದೆ ಈ ಹೆಸರು ಕೈಯಿಂದ ಕೈಗೆ ಹೋಯಿತು. ಪೋಪ್‌ಗಳು 1309ರಿಂದ ಸುಮಾರು 70 ವರ್ಷ ಫ್ರಾನ್ಸಿನ ಅವಿನ್ಯೋನಿನಲ್ಲಿ ಇದ್ದದ್ದನ್ನು 'ಬಾಬೆಲಿನ ಸೆರೆ' ಎಂದು ಕರೆದರು. ಕ್ರೈಸ್ತ ಧರ್ಮಸುಧಾರಣೆಯ ಕಾಲದಲ್ಲಿ, ಪೋಪರಿಂದ ಬೇರೆಯಾದ ಪ್ರಾಟೆಸ್ಟಂಟರು ಪೋಪರ ರೋಮನ್ನೇ ಬಾಬೆಲ್ ಎಂದರು. ಹಡಗುಗಳಲ್ಲಿ ತುಂಬಿ ಆಫ್ರಿಕದಿಂದ ಮಾರಲ್ಪಟ್ಟವರ ವಂಶದವರು, 1930ರ ದಶಕದ ಜಮೈಕಾದ ರಾಸ್ತಾಫಾರಿ ಎಂಬ ಪಂಥದವರು, ತಮ್ಮನ್ನು ಆಳುತ್ತಿದ್ದ ಬಿಳಿಯರ ವ್ಯವಸ್ಥೆಗೆ ಬ್ಯಾಬಿಲೋನ್ ಎಂದು ಹೆಸರಿಟ್ಟರು. ಪ್ರಕಟನೆಯ ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಇದ್ದವರೇ ಈ ಸಲ ಪುಸ್ತಕವನ್ನು ಓದುತ್ತಿದ್ದರು.